ಏರ್‌ಗನ್ನಿನ ಸ್ಕ್ರೂ

ಮೊನ್ನೆ ಮಂಡ್ಯದ ಶೂಟಿಂಗ್ ಕ್ಲಬ್ಬಿಗೆ ಗುರಿ ಹೊಡೆಯುವುದನ್ನು ಕಲಿಯಲು ಹೋದೆ. ಏರ್‌ಗನ್ನಿನ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ಮದ್ದೂರಿನ ನಮ್ಮ ಹಿತ್ತಿಲು ನೆನಪಾಯಿತು.

ಅಲ್ಲಿ ಭಾನುವಾರ ಬಂತೆಂದರೆ ಅಪ್ಪ ಗೋಡೆ ಮೇಲೆ ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ಏರ್‌ಗನ್ನಿನಿಂದ ಹೊಡೆಯುತ್ತಿದ್ದರು. ಎಲೆಕ್ಷನ್ ಬಂದಾಗ ಊರಿನವರ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಿತ್ತು. ಏರ್‌ಗನ್ನಿಗೆ ಅದೆಲ್ಲ ಇಲ್ಲವೆಂದರೂ ತಾತ ಕೇಳಲಿಲ್ಲ. "ಕೋವಿ ಅಂದ್ಮೇಲೆ ಕೋವಿನೇ ಕಣ್ಲಾ" ಎಂದು ಅಪ್ಪನನ್ನು ಗದರಿ, ಗೋಣಿಚೀಲದಲ್ಲಿ ಸುತ್ತಿ ಕೊಟ್ಟೇ ಬಂದರು.

ಅದು ವಾಪಸ್ ಬಂದ ಮೇಲೆ ಒಂದು ಚಿಪ್ಪೂ ಬೀಳಲಿಲ್ಲ. ಗುಂಡೆಲ್ಲ ಎಡಕ್ಕೇ ಹೋಗುತ್ತಿತ್ತು. "ಠಾಣೇಲಿ ಯಾವನೋ ಗುರಿ ಸರಿಮಾಡೋ ಸ್ಕ್ರೂ ತಿರುಗ್ಸವ್ನೆ" ಎಂದು ಅಪ್ಪ ಹಲ್ಲು ಕಡಿದರು. ಅಂದಿನಿಂದ ಬೀದಿಯಲ್ಲಿ ಕಂಡ ಪ್ರತಿ ಪೊಲೀಸಿನವನನ್ನೂ ಅನುಮಾನದಿಂದಲೇ ನೋಡುತ್ತಿದ್ದರು. ಠಾಣೆಗೆ ಕೊಡುವ ಹಿಂದಿನ ದಿನ ಆ ಸ್ಕ್ರೂ ತಿರುಗಿಸಿ ಆಡಿದ್ದವಳು ನಾನು.

ಮೊನ್ನೆಯೂ ನನ್ನ ಗುಂಡುಗಳೆಲ್ಲ ಎಡಕ್ಕೇ ಹೋದವು. "ಈ ಸ್ಕ್ರೂ ಯಾರು ಮುಟ್ಟಿದ್ದು?" ಎಂದರು ಕಲಿಸುವವರು. ಬೆರಳಿಗಂಟಿದ ಎಣ್ಣೆಯನ್ನು ದುಪಟ್ಟಾಗೆ ಒರೆಸಿಕೊಳ್ಳುತ್ತಾ, "ನನಗಿಂತ ಮೊದಲು ಬಂದವರು ಯಾರೋ" ಎಂದೆ.

ಜೊತೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಅಪ್ಪ ನನ್ನ ಬೆರಳನ್ನೇ ದಿಟ್ಟಿಸುತ್ತಿದ್ದರು.

"ಅವತ್ತೂ ನೀನೇ ಏನವ್ವಾ?"