ಹಲಗೆಯ ಹಿಂಬದಿಯ ಹೆಸರು

ತಾವ್‌ಯುವಾನ್ ನಗರದಲ್ಲಿ ಬೆಳಕು ಹರಿಯುತ್ತಿದೆ. ಸರ್ಕ್ಯೂಟ್ ಹಲಗೆಗಳ ಕಾರ್ಖಾನೆಯ ಮೂಲೆಯಲ್ಲಿ ಯೂ ಶ್ಯೂಲುವಾನ್ ಪರದೆಗೆ ಮೂಗು ತಾಗುವಷ್ಟು ಬಾಗಿ ಕುಳಿತಿದ್ದಾರೆ. ಗಿರಾಕಿಗಳ ನಕ್ಷೆ ಯಂತ್ರಕ್ಕೆ ಹೋಗುವ ಮೊದಲು ಅದರ ತಪ್ಪು ಹುಡುಕಿ ಸರಿಪಡಿಸುವುದು ಅವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ನಕ್ಷೆ. ಅವರ ಕೆಲಸದ ಬಗ್ಗೆ ಬರೆಯಲು ನಾನು ಪಕ್ಕದಲ್ಲಿ ಕುಳಿತಿದ್ದೇನೆ.

ಇಂದಿನದು ಅಮಿತಾಭ ಬುದ್ಧನ ನಾಮ ಹಾಡುವ ಪುಟ್ಟ ಪೆಟ್ಟಿಗೆಯ ದುಂಡು ಹಲಗೆ. ನಕ್ಷೆ ಬಿಡಿಸಿದ ಚ್ಯೆನ್ ಮೇಷ್ಟ್ರು ತೀರಿಕೊಂಡಿದ್ದಾರೆ. ಅವರು ಹೋಗಿ ನೂರನೆಯ ದಿನದ ಪೂಜೆಗೆ ಗುಡಿಯಲ್ಲಿ ಹಂಚಲು ಹೆಂಡತಿ ಪೆಟ್ಟಿಗೆಗಳನ್ನು ಮಾಡಿಸುತ್ತಿದ್ದಾರೆ. ಈ ಬೆಳಗ್ಗೆ ಯಂತ್ರಕ್ಕೆ ಕೊಡದಿದ್ದರೆ ಆ ದಿನಕ್ಕೆ ಸಿಗುವುದಿಲ್ಲ.

ನಕ್ಷೆಯಲ್ಲಿ ಹಲಗೆಯನ್ನು ಗಾಜಿನಂತೆ ಮುಂದಿನಿಂದಲೇ ನೋಡುತ್ತಾರೆ. ಹಿಂಬದಿಯ ಅಕ್ಷರ ಪರದೆಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಇಲ್ಲಿ ಹಿಂಬದಿಯ ಬುದ್ಧನ ಹೆಸರು ನೇರವಾಗಿದೆ. ಮೇಷ್ಟ್ರು ವಿದ್ಯುತ್ ಹರಿಯುವ ಗೆರೆಗಳ ಸಮೇತ ಹಿಂಬದಿಯನ್ನೆಲ್ಲ ಮಗುಚಿದರೋ, ಹೆಸರನ್ನು ಮಾತ್ರವೋ? ತೂತುಗಳು ಎಡಕ್ಕೂ ಬಲಕ್ಕೂ ಒಂದೇ ಸಮ, ಹೇಗಿಟ್ಟರೂ ಕೂಡುತ್ತವೆ. ಊಹೆ ತಪ್ಪಿದರೆ ಪೆಟ್ಟಿಗೆಗಳೆಲ್ಲ ಮೂಕ.

"ಲುವಾನ್ ಅಕ್ಕ, ಧ್ಯಾನಕ್ಕೆ ಕೂತ್ರಾ? ಯಂತ್ರ ಖಾಲಿ ಬಿದ್ದಿದೆ," ಎಂದು ಮೇಸ್ತ್ರಿ ಆ‍ಕುನ್ ಕೂಗುತ್ತಾನೆ.

"ಯಂತ್ರ ತಂಟೆ ಮಾಡ್ದಿರ್ಲಿ ಅಂತ ಅದ್ರ ಮೇಲೆ ಶಕುನದ ಹಸಿರು ತಿಂಡಿ ಪೊಟ್ಟಣ ಇಟ್ಟಿದ್ದೀನಲ್ಲ, ಯಂತ್ರ ಸುಮ್ನಿದೆ. ನೀನೂ ಒಂದು ತಿಂದು ಸುಮ್ನಿರು."

ಯೀಲಾನ್‌ನ ಕಡಲತೀರದ ಮೀನುಗಾರರ ಮಗಳು ಶ್ಯೂಲುವಾನ್. ಮೊದಲು ಬೆಸುಗೆ ಹಾಕುತ್ತಿದ್ದರು. ಹೊಗೆಗೆ ಕೆಮ್ಮು ಹತ್ತಿದ ಮೇಲೆ ಈ ಕುರ್ಚಿ ಸಿಕ್ಕಿತು. "ಅನುಮಾನ ಬಂದ್ರೆ ಬಿಡಿಸಿದವರನ್ನೇ ಕೇಳ್ತೀನಿ. ಈಗ ಯಾರನ್ನ ಕೇಳ್ಲಿ?" ಎನ್ನುತ್ತಾರೆ. ತೀರಿಕೊಂಡವರನ್ನು ಕೇಳಬೇಕಾದ್ದು ನನಗೂ ದಿನವೂ ಇರುತ್ತದೆ.

ಕೊನೆಗೆ ಮೇಷ್ಟ್ರ ಹೆಂಡತಿಗೇ ಫೋನು ಮಾಡುತ್ತಾರೆ. ಆಕೆ ಬೆಳಗಿನ ಪ್ರಾರ್ಥನೆಗೆ ಎದ್ದಿದ್ದಾರೆ.

"ಅಮ್ಮ, ಹೆಸರು ಹಿಂದ್ಗಡೆ ಯಾಕೆ ಬರೆದ್ರು ಗೊತ್ತಾ?"

"ನಂಗೇನು ಗೊತ್ತಮ್ಮ? ಇಷ್ಟು ವರ್ಷ ಸಂಸಾರ ಮಾಡಿ, ಅವ್ರು ಕನ್ನಡಕ ಎಲ್ಲಿಡ್ತಾರೆ ಅಂತಾನೇ ಗೊತ್ತಾಗ್ಲಿಲ್ಲ." ಆಮೇಲೆ ನೆನಪಿಸಿಕೊಂಡು, "ಇಂಥದೇ ಹಲಗೆ ಅವ್ರೇ ಕೈಯಲ್ಲಿ ಮಾಡಿದ್ದು ಒಂದಿದೆ. ಹಾಡಲ್ಲ, ಬರೀ ದೀಪ. ದೀಪ ಹಿಂದ್ಗಡೆ ಕೆಂಪಗೆ ಹೊತ್ಕೊಂಡ್ರೆ ಹೆಸರು ಹಲಗೆ ದಾಟಿ ಮುಂದೆ ಕಾಣುತ್ತೆ."

"ಮುಂದಿನಿಂದ ಓದಕ್ಕೆ ಬರುತ್ತಾ?"

"ನೆಟ್ಟಗೆ ಬರುತ್ತೆ. ದಿನಾ ಅದನ್ನೇ ನೋಡ್ಕೊಂಡು ಕೈ ಮುಗೀತೀನಿ."

ಬೆಳಕಿನಲ್ಲಿ ಮುಂದಿನಿಂದ ಓದಲು ಬರಲಿ ಎಂದು ಮೇಷ್ಟ್ರು ಹೆಸರನ್ನಷ್ಟೇ ತಿರುಗಿಸಿದ್ದಾರೆ. ಗೆರೆಗಳು ಇದ್ದಂತೆಯೇ ಇರಬೇಕು. ಶ್ಯೂಲುವಾನ್ ಏನನ್ನೂ ಮುಟ್ಟದೆ ನಕ್ಷೆ ಕಳಿಸುತ್ತಾರೆ. ಯಂತ್ರ ಸದ್ದು ಮಾಡುತ್ತದೆ. ಅವರ ಹುಬ್ಬಿನ ಗಂಟು ಮಾತ್ರ ಸಡಿಲಾಗಿಲ್ಲ.

"ಈಗ ಸರಿಯಾಯಿತಲ್ಲ?" ಎಂದು ಕೇಳುತ್ತೇನೆ.

"ಅನ್ಸುತ್ತೆ. ನನ್ನ ಕೈ ದಾಟಿದ ಒಂದು ಹಲಗೆ ಹಾಡಿದ್ದನ್ನೂ ನಾನು ಕೇಳಿಲ್ಲ. ಅಮ್ಮ ನೂರನೇ ದಿನ ಗುಡಿಗೆ ಬಾ ಅಂದಿದ್ದಾರೆ. ಇದು ಹಾಡೋದನ್ನ ಕೇಳಿ, ಆಮೇಲೆ ಸರಿ ಅಂತೀನಿ."