ಮೊದಲೇ ಹೊರಟ ಛತ್ರಿ

ಛತ್ರಿಯ ಬಾಗಿದ ಹಿಡಿಯ ಬುಡದಲ್ಲಿ ಒಂದು ದಾರ, ಅದಕ್ಕೆ ಎರಡು ಗಂಟು. ದಾರ ಒಂದು ಕಾಲಕ್ಕೆ ಅರಿಶಿನದ್ದು. ಈಗ ಅದಕ್ಕೆ ನೀರು ಹೆಚ್ಚಾದ ಚಹಾದ ಬಣ್ಣ.

ಮೊನ್ನೆ ರವಿವಾರ ಸಂಜೆ ಟ್ರಂಕು ತುಂಬುವಾಗ ಅದು ಕಣ್ಣಿಗೆ ಬಿತ್ತು. ನನಗೆ ಮುಂಬಯಿಗೆ ವರ್ಗವಾಗಿತ್ತು. ಮರುದಿನ ಬೆಳಿಗ್ಗೆ ಪುಣೆ ಸ್ಟೇಷನ್ನಿನಿಂದ ಎಂಟೂವರೆಯ ಗಾಡಿ. ಹೊಸ ಕಚೇರಿಗೆ ಈ ಹಳೆ ದಾರದ ಛತ್ರಿ ಹಿಡಿದು ಹೋಗುವುದೇ ಎಂದು ಕತ್ತರಿ ತೆಗೆದೆ. ಆಮೇಲೆ ಕತ್ತರಿ ಕೆಳಗಿಟ್ಟು, ಟ್ರಂಕಿನ ಮೇಲೆಯೇ ಕುಳಿತು ನಕ್ಕೆ. ಒಬ್ಬಳೇ ಕುಳಿತು ನಗುವ ಅಭ್ಯಾಸ ನನಗಿಲ್ಲ. ಆದ್ದರಿಂದ ಕಾರಣವನ್ನು ನಿಮಗೂ ಹೇಳಿಬಿಡುವುದು ಒಳ್ಳೆಯದು.

ಅದು ಎರಡನೆಯ ಮಹಾಯುದ್ಧದ ಕಾಲ. ಧಾರವಾಡದಲ್ಲಿ ಬಿ.ಎ. ಮುಗಿಸಿದ ನನಗೆ ಪುಣೆ ಕ್ಯಾಂಪಿನ ಒಂದು ಸರ್ಕಾರಿ ಕಚೇರಿಯಲ್ಲಿ, ಕಡತಗಳ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಅಪ್ಪ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಒಂದು, ತನ್ನ ತಮ್ಮನ, ಅಂದರೆ ನನ್ನ ಕಾಕಾನ ಮನೆಯಲ್ಲಿರಬೇಕು, ಕಾಕಾನ ಮನೆಯ ರೀತಿ ಮೀರಬಾರದು. ಎರಡು, ಆರು ತಿಂಗಳಲ್ಲಿ ನೌಕರಿ ಕಾಯಂ ಆಗದಿದ್ದರೆ ಧಾರವಾಡಕ್ಕೆ ವಾಪಸು. ಅಲ್ಲಿ ಒಬ್ಬ ವರ ಕಾದಿದ್ದ. ಅವನ ಬಗ್ಗೆ ನನಗೆ ತಿಳಿದದ್ದು ಎರಡೇ: ಅವನಿಗೆ ಎಮ್ಮೆಯ ಹಾಲು ಆಗುವುದಿಲ್ಲ, ಓದಿದ ಹುಡುಗಿಯರೂ ಆಗುವುದಿಲ್ಲ. ಎರಡನೆಯದನ್ನು ಬಲವಂತದಿಂದ ಸಹಿಸಲು ಅವನು ಸಿದ್ಧನಾಗಿದ್ದನಂತೆ.

ಕಾಕಾ ಓವರ್‌ಸಿಯರ್ ಆಗಿ ನಿವೃತ್ತರಾಗಿ ಭೋಸರಿ ಹಳ್ಳಿಯ ಹೊರಗೆ ಮನೆ ಕಟ್ಟಿಸಿದ್ದರು. ಅಲ್ಲಿಂದ ದಾಪೋಡಿ ಸ್ಟೇಷನ್ನು ಮೂರು ಮೈಲಿ. ಹುಡುಗಿ ಒಬ್ಬಳೇ ಅಷ್ಟು ದೂರ ನಡೆಯುವುದು ಮನೆಯ ರೀತಿಯಲ್ಲಿರಲಿಲ್ಲ. ಹೀಗಾಗಿ ದಿನವೂ ಕಾಕಾ ತಮ್ಮ ಕಾರಿನಲ್ಲಿ ಸ್ಟೇಷನ್ನಿಗೆ ಬಿಡುತ್ತಿದ್ದರು. ಲೋಣಾವಳೆ ಕಡೆಯಿಂದ ಎಂಟು ಹತ್ತಕ್ಕೆ ಬರುವ ಪ್ಯಾಸೆಂಜರ್ ಹತ್ತಿ ನಾನು ಪುಣೆಗೆ ಹೋಗುತ್ತಿದ್ದೆ.

ಕಾರು ಎಂದೆ. ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಪೆಟ್ರೋಲು ಕೂಪನ್ನಿಗೆ ಸಿಗುವ ತೀರ್ಥವಾಗಿದ್ದ ಆ ದಿನಗಳಲ್ಲಿ ಕಾರಿನ ಬೆನ್ನಿಗೆ ಇದ್ದಿಲಿನ ಒಲೆಯೊಂದನ್ನು ಜೋಡಿಸಿ, ಅದರ ಹೊಗೆಯ ಅನಿಲದಿಂದ ಎಂಜಿನ್ನು ಓಡಿಸುತ್ತಿದ್ದರು. ನಮ್ಮ ಕಡೆಯ ರೈಲು ಆಗಲೇ ವಿದ್ಯುತ್ತಿನಿಂದ ಓಡುತ್ತಿತ್ತು. ಅಂದರೆ ಜನರೆಲ್ಲ ರೈಲಿನ ಹೊಗೆಯಿಂದ ಮಸಿಯಾಗುತ್ತಿದ್ದ ಕಾಲದಲ್ಲಿ ನಾನು ಕಾರಿನಲ್ಲಿ ಮಸಿಯಾಗಿ, ರೈಲಿನಲ್ಲಿ ಕುಳಿತು ಮುಖ ಒರೆಸಿಕೊಳ್ಳುತ್ತಿದ್ದೆ. ಸಂಜೆ ನಮ್ಮನ್ನು ಕರೆತಂದ ಒಲೆ ಆರುವ ಮೊದಲೇ ಕಾಕಾನ ಹೆಂಡತಿ, ನನ್ನ ಕಾಕು, ಅದರಲ್ಲಿ ಬದನೆಕಾಯಿ ಸುಡುತ್ತಿದ್ದಳು. ಕಾಕಾ ಇದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ಸುಟ್ಟ ಬದನೆಕಾಯಿಯ ಭರ್ತವೆಂದರೆ ಅವರಿಗೆ ಬಲು ಇಷ್ಟ.

ಇಂಥ ಕಾರು ದಿನವೂ ಸಮಯಕ್ಕೆ ಹೊರಡುವುದೆಂದು ಯಾರೂ ನಂಬುತ್ತಿರಲಿಲ್ಲ. ನಾನು ಎರಡು ಸಲ ತಡವಾಗಿ ಕಚೇರಿ ತಲುಪಿದ್ದೆ. ನಮ್ಮ ಸೂಪರಿಂಟೆಂಡೆಂಟರು ಹಾಜರಿ ಪುಸ್ತಕದಿಂದ ತಲೆಯೆತ್ತದೆ, ಮೂರನೆಯ ಸಲವಾದರೆ ಕಾಯಂ ಮಾಡುವ ಮಾತಿಲ್ಲ ಎಂದಿದ್ದರು.

ಇದಕ್ಕಿಂತ ದೊಡ್ಡ ತೊಡಕು ಸೋಮವಾರದ್ದು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಕಾಕಾ ಪಂಚಾಂಗವನ್ನು ಸರ್ಕಾರಿ ನಕಾಶೆಯಂತೆ ನಂಬಿದವರು. ಏಳೂವರೆಯ ಮೊದಲೇ ಹೊರಡಬಹುದಿತ್ತಲ್ಲ ಎನ್ನುತ್ತೀರಿ. ಸೋಮವಾರ ಅವರ ರುದ್ರಾಭಿಷೇಕ ಮುಗಿಯುತ್ತಿದ್ದದ್ದೇ ಏಳೂವರೆಗೆ. ಮೊದಲ ಸೋಮವಾರ ಅವರು, "ಇವತ್ತ ಹೋಗೂದು ಬ್ಯಾಡವಾ, ನಾಳೆ ಹೋದ್ರಾತು" ಎಂದರು, ಕಚೇರಿ ತಮ್ಮ ಅತ್ತೆಯ ಮನೆಯೋ ಎಂಬಂತೆ.

ಆಗ ಕಾಕು ಅಡಿಗೆಮನೆಯಿಂದ ಹೊರಬಂದು, "ಪ್ರಸ್ಥಾನ ಇಟ್ಟರ ಆತಲ್ಲರಿ?" ಎಂದಳು.

ಈ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲಿ ನಮ್ಮದೊಂದು ಸಾಮಾನನ್ನು ನೆರೆಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ನಾವು ಹೊರಟಂತೆ ಲೆಕ್ಕ. ಮುಂದೆ ಯಾವಾಗ ಹೋದರೂ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ಅಂದಿನಿಂದ ಸೋಮವಾರ ಏಳಕ್ಕೆ ಸರಿಯಾಗಿ ನನ್ನ ಛತ್ರಿ ಹೊರಡುತ್ತಿತ್ತು. ಕಾಕು ಅದಕ್ಕೆ ಅರಿಶಿನದ ದಾರ ಕಟ್ಟಿ, ಪಕ್ಕದ ಗೋದೂಬಾಯಿಯ ಜಗಲಿಯ ಗೂಟಕ್ಕೆ ತೂಗುಹಾಕಿ ಬರುತ್ತಿದ್ದಳು. ಛತ್ರಿ ಪ್ರಯಾಣದಲ್ಲಿರುವಾಗ ನಾನು ಮನೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದೆ. ಬಿ.ಎ.ಗೆ ತರ್ಕಶಾಸ್ತ್ರ ಓದಿದವಳು ನಾನು. ನನ್ನ ಮುಖದಲ್ಲಿ ನಗು ಕಾಣದಿರಲೆಂದು ಬಹಳ ಶ್ರಮಪಡುತ್ತಿದ್ದೆ. ಪಾಪ, ಓದದ ಹೆಂಗಸು, ಅಂಜುತ್ತಾಳೆ ಎಂದು ಕಾಕುವನ್ನು ಮನಸ್ಸಿನಲ್ಲೇ ಕ್ಷಮಿಸುತ್ತಿದ್ದೆ. ಕ್ಷಮಿಸುವುದರಲ್ಲಿ ಆಗ ನಾನು ಬಹಳ ಉದಾರಿ.

ಆರು ತಿಂಗಳು ಮುಗಿಯುವ ದಿನ ಸೋಮವಾರವೇ ಬಂತು. ಹಿಂದಿನ ದಿನ ಊಟಕ್ಕೆ ಕುಳಿತ ಕಾಕಾ ಕೈಯಲ್ಲಿ ಹಿಡಿದ ತುತ್ತನ್ನು ಅರ್ಧದಲ್ಲೇ ತಡೆದರು. "ಈಕಿ ಹೊಂಟಾಳ, ಖರೆ. ಆದ್ರ ನಮ್ಮ ಗಾಡಿ? ಅದು ರಾಹುಕಾಲದಾಗನ ಹೊಂಡತದಲ್ಲ!"

ಆರು ತಿಂಗಳು ಹೊಳೆಯದ ಸಂದೇಹ ಸರಿಯಾಗಿ ಆ ದಿನವೇ ಹೊಳೆಯಬೇಕೇ? ಕಾಕು ಮಾತ್ರ ಸಾರು ಬಡಿಸುತ್ತ, "ಗಾಡೀದೂ ಒಂದು ಸಾಮಾನ ಇಟ್ಟುಬರತೀನಿ, ಉಣ್ರಿ" ಎಂದಳು.

ಬೆಳಿಗ್ಗೆ ಛತ್ರಿ ಹೊರಟಿತು. ಕಾರಿನ ಸಾಮಾನೂ ಹೊರಟಿತು. ಕಾಕು ಬೀಸಣಿಗೆಯಿಂದ ಗಾಳಿ ಹಾಕಿ ಒಲೆಯನ್ನು ಕೆಂಪಗೆ ಮಾಡಿಟ್ಟಿದ್ದಳು. ಪೂಜೆ ಮುಗಿಸಿದ ಕಾಕಾ ಹಣೆಯ ವಿಭೂತಿಯ ಸಮೇತ ಬಂದು ಕಾರಿನ ಮುಂದೆ ಬಗ್ಗಿದರು. ಸೀಟಿನ ಕೆಳಗೆ ನೋಡಿದರು. ಮತ್ತೆ ಬಗ್ಗಿದರು.

"ಹ್ಯಾಂಡಲ್ ಎಲ್ಲೆ?"

"ಯಾವುದ್ರಿ?"

"ಅದ, ಮುಂದ ಹಾಕಿ ತಿರವತೀನಲ್ಲ, ಕಬ್ಬಿಣದ್ದು!"

"ಅದು ಆಗಲೇ ಹೊಂಟದರಿ" ಎಂದಳು ಕಾಕು.

ಕಾಕಾ ನೆಟ್ಟಗಾದರು. "ಅದಿಲ್ಲದ ಗಾಡಿ ಚಾಲೂ ಹೆಂಗ ಆಗತದ?"

"ನನಗೇನ ಗೊತ್ತು? ಗಾಡಿ ಬೆಂಕೀಲೆ ನಡೀತದ ಅಂತ ನೀವ ಹೇಳೀರಿ. ಬೆಂಕಿ ಅದ ನೋಡ್ರಿ, ನಿಗಿನಿಗಿ!"

ನಾನು ಗೋದೂಬಾಯಿಯ ಮನೆಗೆ ಓಡಿದೆ. ಛತ್ರಿ ಗೂಟದಲ್ಲಿತ್ತು, ಎತ್ತಿಕೊಂಡೆ. ಬಾಗಿಲಿಗೆ ಬೀಗ. ಮಗಳು ಹೆತ್ತಳೆಂದು ಶಿರೂರಿನಿಂದ ಸುದ್ದಿ ಬಂದು ಆಕೆ ಆಗತಾನೇ ಹೊರಟುಹೋಗಿದ್ದಳು. ಬೆಲೆಬಾಳುವ ಸಾಮಾನೆಂದು ಹ್ಯಾಂಡಲನ್ನು ಒಳಗಿಟ್ಟಿದ್ದಳು. ಕಿಟಕಿಯಿಂದ ಇಣುಕಿದರೆ ದೇವರ ಮುಂದೆ, ಅರಿಶಿನದ ದಾರ ಕಟ್ಟಿಸಿಕೊಂಡು ಸುಖವಾಗಿ ಮಲಗಿತ್ತು.

ಏಳು ನಲವತ್ತು. ಧಾರವಾಡದ ವರ ನನ್ನ ಕಣ್ಣ ಮುಂದೆ ಹಸುವಿನ ಹಾಲು ಕುಡಿಯತೊಡಗಿದ.

"ಇಳಿಜಾರದ, ನೂಕಿದ್ರ ಹೊಂಡೀತು" ಎಂದರು ಕಾಕಾ. ನೂಕುವವರು ಯಾರು? ಅವರು ಸ್ಟೀರಿಂಗ್ ಹಿಡಿದು ಕುಳಿತರು. ನಾನು ಒಂದು ಕಡೆ ಕೈಯಿಟ್ಟೆ. ಮಡಿಯಲ್ಲಿದ್ದ ಕಾಕು ಕಾರಿನ ಬೆನ್ನಿನ ಮಸಿಯನ್ನೂ ತನ್ನ ಸೀರೆಯನ್ನೂ ಒಮ್ಮೆ ನೋಡಿದಳು. ಮರುಕ್ಷಣವೇ ಕಚ್ಚೆ ಬಿಗಿದು, ಇನ್ನೊಂದು ಕಡೆ ಭುಜ ಕೊಟ್ಟಳು. ಬೀಸಣಿಗೆ ಬಿಡಲಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹತ್ತು ಮಾರು, ಇಪ್ಪತ್ತು ಮಾರು. ಕಾರು ಕೆಮ್ಮಿತು, ಸೀನಿತು, ಹೊರಟಿತು.

"ನಿಂದ್ರಸಂಗಿಲ್ಲ! ನಿಂತರ ಸಾಯತದ! ಹತ್ರಿ, ಇಬ್ಬರೂ ಹತ್ರಿ!" ಎಂದು ಕಾಕಾ ಕೂಗಿದರು.

ಆರು ತಿಂಗಳಲ್ಲಿ ಒಮ್ಮೆಯೂ ಆ ಕಾರಿನಲ್ಲಿ ಕೂರದ ಕಾಕು ಬದಿಯ ಮೆಟ್ಟಿಲಿಗೆ ಕಾಲಿಟ್ಟು ಹಾರಿ ಹಿಂದಿನ ಸೀಟಿಗೆ ಬಿದ್ದಳು. ಅವಳ ಮೇಲೆ ನಾನು, ನನ್ನ ಮೇಲೆ ಛತ್ರಿ. ಇಬ್ಬರ ಮುಖವೂ ಒಲೆಯ ತಳದಂತಾಗಿತ್ತು. ಉಸಿರು ಬಂದ ಮೇಲೆ ನಾನು, ನನ್ನ ಸ್ವಭಾವಕ್ಕೆ ವಿರುದ್ಧವಾಗಿ, ಸಿಟ್ಟಿನಿಂದ ಹೇಳಿದೆ: "ಕಾಕೂ, ಈ ರಾಹುಕಾಲದ ಅಂಜಿಕಿಂದ ಇವತ್ತ ನನ್ನ ನೌಕರಿ ಹೋಗತದ ನೋಡ."

ಕಾಕು ಮುಂದಿನ ಸೀಟಿನತ್ತ ಒಮ್ಮೆ ನೋಡಿ ನನ್ನ ಕಿವಿಗೆ ಬಾಯಿ ಹಚ್ಚಿದಳು. ಎಂಜಿನ್ನಿನ ಗದ್ದಲದಲ್ಲಿ ಅದು ಕಾಕಾನಿಗೆ ಕೇಳುವಂತಿರಲಿಲ್ಲ.

"ಅಂಜಿಕಿ ಯಾರಿಗದ, ಹುಚ್ಚಿ? ರಾಹುಕಾಲದಾಗನ ನಾ ಹುಟ್ಟೀನಿ, ರಾಹುಕಾಲದಾಗನ ಇವರು ನನ್ನ ನೋಡ್ಲಿಕ್ಕೆ ಬಂದಿದ್ರು, ನಮ್ಮ ಮನಿ ಗಡಿಯಾರ ನಿಂತಿತ್ತು ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಸೋಮವಾರಕ್ಕೊಮ್ಮೆ ಮನ್ಯಾಗ ಕೂತಿದ್ದರ ನಿನ್ನ ನೌಕರಿ ಎಂದೋ ಹೋಗತಿತ್ತು. ಹೊಂಟಾಳೇನು ಅಂತ ಪಂಚಾಂಗ ಕೇಳತದ. ಹೊಂಟಾಳ ಅಂತ ಛತ್ರಿ ತೋರಸತೀನಿ. ಇದರಾಗ ಸುಳ್ಳು ಎಲ್ಲೆದ?"

ತರ್ಕಶಾಸ್ತ್ರದಲ್ಲಿ ನನಗೆ ಮೊದಲ ದರ್ಜೆ ಬಂದಿತ್ತು. ಆ ವರ್ಷ ಕಾಕು ಪರೀಕ್ಷೆಗೆ ಕುಳಿತಿರಲಿಲ್ಲ, ಅಷ್ಟೇ.

ದಾಪೋಡಿ ತಲುಪಿದಾಗ ರೈಲು ಆಗಲೇ ಒಳಗೆ ಬರುತ್ತಿತ್ತು. ಕಾಕಾ ಕಾರನ್ನು ನಿಲ್ಲಿಸಲಿಲ್ಲ. ವೇಗ ತಗ್ಗಿಸಿ ಸ್ಟೇಷನ್ನಿನ ಮುಂದೆ ಹಾಯಿಸಿದರು. ನಾನು ಧುಮುಕಿದೆ. ಹೆಂಗಸರ ಡಬ್ಬಿಯ ಕಿಟಕಿಯಿಂದ ನೋಡಿದರೆ, ಹೊಗೆ ಕಾರುತ್ತ ಭೋಸರಿಯ ಕಡೆಗೆ ತಿರುಗುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕಾಕು ರಾಣಿಯಂತೆ ಕುಳಿತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಕಚೇರಿಯ ಗಂಟೆ ಬಾರಿಸಲು ಎರಡು ನಿಮಿಷವಿತ್ತು. ಸೂಪರಿಂಟೆಂಡೆಂಟರು ಮೊದಲ ಸಲ ಹಾಜರಿ ಪುಸ್ತಕದಿಂದ ತಲೆಯೆತ್ತಿ, ಅಂದು ಒರೆಸಲು ಮರೆತಿದ್ದ ನನ್ನ ಮುಖ ನೋಡಿದರು. ರೈಲಿನ ಎಂಜಿನ್ನು ನೀವೇ ನಡೆಸಿಕೊಂಡು ಬಂದಿರಾ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಸಾಹೇಬರೇ, ರೈಲಿಗೆ ವಿದ್ಯುತ್ತಿದೆ ಎಂದೆ. ಮಧ್ಯಾಹ್ನ ಕಾಯಂ ಆದೇಶಕ್ಕೆ ಸಹಿ ಬಿತ್ತು. ಅದರ ಅಂಚಿನಲ್ಲಿ ನನ್ನ ಹೆಬ್ಬೆಟ್ಟಿನ ಮಸಿಯ ಗುರುತು ಈಗಲೂ ಇದೆ.

ಯುದ್ಧ ಮುಗಿದ ಮೇಲೆ ನಾನು ಕ್ಯಾಂಪಿನಲ್ಲೇ ಕೋಣೆ ಹಿಡಿದೆ. ಕಾಕಾ ಒಲೆ ಬಿಚ್ಚಿಸಿದರು. ಈಗಿನ ಭರ್ತಕ್ಕೆ ಹಿಂದಿನ ರುಚಿಯಿಲ್ಲ ಎಂದು ಗೊಣಗುತ್ತಾರಂತೆ. ಅಂದಿನಿಂದ ನನ್ನ ಛತ್ರಿ ನನ್ನ ಜೊತೆಗೇ ಹೊರಡುತ್ತ ಬಂದಿತ್ತು.

ರವಿವಾರ ರಾತ್ರಿ ಕತ್ತರಿಯನ್ನು ಅದರ ಜಾಗದಲ್ಲಿಟ್ಟು ಮಲಗಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಎದುರು ಮನೆಯ ಪಾರ್ಸಿ ಅಜ್ಜಿಯ ಬಾಗಿಲು ತಟ್ಟಿ, ಇದನ್ನು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ದಯವಿಟ್ಟು ಜಗಲಿಯಲ್ಲೇ ಇರಲಿ ಎಂದು ಛತ್ರಿ ಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಯಾಕೆ, ಕೆಟ್ಟಿದೆಯಾ?" ಎಂದರು.

"ಇಲ್ಲ, ಹೊರಟಿದೆ" ಎಂದೆ. ಮನೆಗೆ ಬಂದು ಅವಸರವಿಲ್ಲದೆ ಅವಲಕ್ಕಿಗೆ ಒಗ್ಗರಣೆ ಹಾಕಿದೆ.