ಕೈ ಕಾಣದ ಕರೆ

ನನ್ನ ಅಕ್ಷರ ಸೊಟ್ಟ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಗೊತ್ತಿರುವ ಪದಗಳೂ ಕಡಿಮೆ. ತಪ್ಪಿದ್ದರೆ ಕ್ಷಮಿಸಿ ಓದಿ. ನಮ್ಮ ವಠಾರದ ನಾಗಲಕ್ಷ್ಮಿಯಕ್ಕನ ಬಗ್ಗೆ ಬರೆದಿದ್ದೇನೆ.

ಅಕ್ಕನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಬಾಯಿಮಾತಿಗಿಂತ ಮೊದಲು ಅಕ್ಕ ಕಲಿತದ್ದು ಕೈಮಾತು. ಈಗ ಶೆಟ್ಟಿಹಳ್ಳಿಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅದನ್ನೇ ಕೆಲಸ ಮಾಡಿಕೊಂಡಿದ್ದಾರೆ. ಕಿವಿ ಕೇಳದವರು ಬ್ಯಾಂಕಿನಿಂದಲೋ ಆಸ್ಪತ್ರೆಯಿಂದಲೋ ವಿಡಿಯೊ ಕರೆ ಮಾಡಿದರೆ, ಅಲ್ಲಿಯವರ ಮಾತನ್ನು ಕೈಯಲ್ಲಿ ಹೇಳುತ್ತಾರೆ. ಕರೆಯ ತಂತ್ರಾಂಶ ಪುಕ್ಕಟೆಯದು. ಯಾರು ಬೇಕಾದರೂ ಅದರ ಒಳಗಿನ ಬರಹವನ್ನು, ಅಂದರೆ ಕೋಡನ್ನು, ನೋಡಿ ತಿದ್ದಬಹುದು. ಬಸವಕಿರಣ ಎಂಬವರು ಅದನ್ನು ಅಕ್ಕನಿಗೆ ಹಾಕಿಕೊಟ್ಟಿದ್ದಾರೆ. ಸಂಜೆ ಹೊತ್ತಿಗೆ ಅಕ್ಕನ ತೋಳು ಮೇಲೇಳುವುದಿಲ್ಲ.

ಇವತ್ತಿನ ನಾಲ್ಕನೇ ಕರೆ ಗೊರಗುಂಟೆಪಾಳ್ಯದ ಹತ್ತಿರದ ಒಂದು ಆಸ್ಪತ್ರೆಯದು. ಟೈಲರ್ ಚನ್ನಪ್ಪನವರಿಗೆ ಸಕ್ಕರೆ ಕಾಯಿಲೆ, ಬಲಗಾಲಿಗೆ ಹುಣ್ಣು. ಹುಣ್ಣು ತೊಳೆಯುತ್ತೇವೆ ಎಂದರು ಡಾಕ್ಟರು. ಆಮೇಲೆ, ಎರಡು ಕಾಲ್ಬೆರಳು ತೆಗೆಯಬೇಕು ಎಂದರು. ಅಕ್ಕ ಕೈಯಲ್ಲಿ ಹೇಳಿದರು. ಚನ್ನಪ್ಪ ತಲೆಯಾಡಿಸಿ ರುಜು ಹಾಕಿದರು.

ಆದರೆ ಅಕ್ಕನ ಕೈ ನಿಲ್ಲುವ ಮೊದಲೇ ಅವರ ತಲೆ ಆಡಿತ್ತು. ಎದುರಿನವರಿಗೆ ಬೇಸರವಾಗದಿರಲೆಂದು ಅಕ್ಕನ ಅಪ್ಪನೂ ಅರ್ಥವಾಗದ್ದಕ್ಕೆಲ್ಲ ಹಾಗೆಯೇ ತಲೆಯಾಡಿಸುತ್ತಿದ್ದರು.

“ಡಾಕ್ಟ್ರೇ, ಅವ್ರಿಗೆ ನನ್ ಕೈ ಕಾಣ್ತಿದ್ಯಾ?” ಎಂದು ಕೇಳಿದರು ಅಕ್ಕ.

“ನಿಮ್ ಮಾತು ಚೆನ್ನಾಗೇ ಕೇಳಿಸ್ತಿದೆಯಲ್ಲಮ್ಮ.”

“ಅವ್ರಿಗೆ ಕೇಳ್ಸಲ್ಲ ಸಾರ್.”

ಡಾಕ್ಟರು ಪರದೆ ನೋಡಿದರು. ಅಕ್ಕನ ಚಿತ್ರ ಹೋಗಿ ಹೆಸರು ಮಾತ್ರ ಉಳಿದಿತ್ತು. ನೆಟ್‌ವರ್ಕ್ ಸೊರಗಿದರೆ ಚಿತ್ರ ಬಿಟ್ಟು ದನಿ ಉಳಿಸಿಕೊಳ್ಳುವಂತೆ ಆ ತಂತ್ರಾಂಶವನ್ನು ಮಾಡಿದ್ದಾರೆ. ಕಿವಿ ಇದ್ದವರಿಗೆ ಅದು ಅನುಕೂಲವೇ. ತಿದ್ದಬಹುದು, ಆದರೆ ಎರಡು ದಿನ ಬೇಕು ಎಂದರು ಬಸವಕಿರಣ ಫೋನಿನಲ್ಲಿ. ಆಪರೇಷನ್ ಇದ್ದದ್ದು ಇವತ್ತೇ ನಾಲ್ಕು ಗಂಟೆಗೆ.

ಅಕ್ಕ ಉಳಿದ ಕರೆಗಳನ್ನು ಮುಂದೂಡಿ, ಊಟ ಬಿಟ್ಟು ಬಸ್ ಹತ್ತಿದರು. ಹಾಸಿಗೆಯ ಪಕ್ಕ ಕೂತು ಮೊದಲಿನಿಂದ ಹೇಳಿದರು. ಬರೀ ತೊಳೆಯುತ್ತಾರೆ ಎಂದುಕೊಂಡಿದ್ದ ಚನ್ನಪ್ಪ ತಮ್ಮ ಕಾಲನ್ನೇ ಬಹಳ ಹೊತ್ತು ನೋಡಿದರು. ಮತ್ತೆ ಮಿಷನ್ ತುಳಿಯಬಹುದೇ ಎಂದು ಕೈಯಲ್ಲಿ ಕೇಳಿದರು. ಎರಡು ತಿಂಗಳಾದ ಮೇಲೆ ತುಳಿಯಬಹುದು ಎಂದರು ಡಾಕ್ಟರು. ಆದರೂ ಹೆಂಡತಿಯನ್ನು ಕೇಳದೆ ಚನ್ನಪ್ಪ ಒಪ್ಪಲಿಲ್ಲ. ಆಕೆ ಸೊಣ್ಣಮ್ಮ, ಆಕೆಗೂ ಕಿವಿ ಕೇಳುವುದಿಲ್ಲ; ಆಸ್ಪತ್ರೆಗೆ ಬರುವುದು ನಾಳೆಯೇ. ಡಾಕ್ಟರು ಗೊಣಗುತ್ತಲೇ ರುಜುವಿನ ಕಾಗದ ಹರಿದು, ಆಪರೇಷನ್ನನ್ನು ನಾಳೆಗೆ ಹಾಕಿದರು.

ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲವಂತೆ. ಮೇಲಿನ ಕಂಬಿ ಹಿಡಿಯಲು ತೋಳು ಏಳದೆ, ಅಕ್ಕ ಬಾಗಿಲಿಗೆ ಒರಗಿಕೊಂಡೇ ಬಂದರು.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅಕ್ಕ ಮತ್ತೆ ಆಸ್ಪತ್ರೆಗೆ ಹೋಗಿ, ಸೊಣ್ಣಮ್ಮನವರಿಗೂ ಎಲ್ಲವನ್ನೂ ಕೈಯಲ್ಲಿ ಹೇಳುತ್ತಾರೆ.